ಸಾರ್ವಜನಿಕ ಅರಣ್ಯದಲ್ಲಿ ವಿಹಾರ: ಆರ್ಥಿಕ ಮೌಲ್ಯದ ಅಂದಾಜು ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಜನ ಸಾರ್ವಜನಿಕ ಅರಣ್ಯಗಳಿಗೆ ನಡೆದಾಡಲು, ಚಾರಣಕ್ಕೆ, ಹಕ್ಕಿ ನೋಡಲು, ಹೊಳೆಯ ದಂಡೆಯಲ್ಲಿ ಒಂದಿಷ್ಟು ಹೊತ್ತು ಕೂರಲು ಬರುತ್ತಾರೆ. ಈ ವಿಹಾರಕ್ಕೆ ಆರ್ಥಿಕ ಮೌಲ್ಯವನ್ನು ಹೇಗೆ ಅಂದಾಜಿಸುತ್ತಾರೆ ಎಂಬ ಬಗ್ಗೆ ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟುಗೂಡಿಸಿದ್ದೇನೆ. ಮೊದಲ ಭಾಗಕ್ಕೆ ಅರ್ಥಶಾಸ್ತ್ರದ ಪರಿಚಯ ಬೇಕಿಲ್ಲ. ಮುಂದೆ ಹೋದಂತೆ ಲೆಕ್ಕ ಸ್ವಲ್ಪ ಗಟ್ಟಿಯಾಗುತ್ತದೆ.

## ಮೊದಲ ಪ್ರಶ್ನೆಗಳು

ಕಾಡಿನಲ್ಲಿ ಸುಮ್ಮನೆ ನಡೆದಾಡುವುದಕ್ಕೂ ಬೆಲೆ ಕಟ್ಟಬೇಕೇ? ಅದು ಕಾಡಿಗೆ ಮಾಡುವ ಅವಮಾನವಲ್ಲವೇ?

ಈ ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ಅರಣ್ಯದ ಬಗ್ಗೆ ನಿರ್ಧಾರ ಮಾಡುವವರ ಮುಂದೆ ಬರುವ ಕಡತವನ್ನು ನೆನೆಸಿಕೊಳ್ಳಿ. ಅದರಲ್ಲಿ ಎಷ್ಟು ಘನ ಮೀಟರ್ ನಾಟಾ ಸಿಗುತ್ತದೆ, ಗಣಿಯಿಂದ ಎಷ್ಟು ರಾಜಧನ ಬರುತ್ತದೆ, ಅಣೆಕಟ್ಟು ಕಟ್ಟಿದರೆ ಎಷ್ಟು ವಿದ್ಯುತ್ ಹುಟ್ಟುತ್ತದೆ ಎಂಬುದೆಲ್ಲ ಅಂಕಿಯಲ್ಲಿ ಇರುತ್ತದೆ. ವಿಹಾರದ ಸಾಲು ಮಾತ್ರ ಖಾಲಿ. ಕೂಡುವಾಗ ಆ ಖಾಲಿ ಜಾಗ ಸೊನ್ನೆಯಾಗುತ್ತದೆ. ಬೆಲೆ ಕಟ್ಟುವುದು ಬೇಡ ಎಂದು ನಾವು ದೂರ ನಿಂತರೂ ಬೆಲೆ ಕಟ್ಟಿಯೇ ಆಗಿರುತ್ತದೆ, ಅದೂ ಅತ್ಯಂತ ಕಡಿಮೆಯ ಬೆಲೆ.

ಕಾನೂನು ಕೂಡ ವಿಹಾರವನ್ನು ಅರಣ್ಯದ ಉಪಯೋಗಗಳಲ್ಲಿ ಒಂದೆಂದು ಒಪ್ಪಿಕೊಂಡ ಉದಾಹರಣೆಗಳಿವೆ. ಅಮೆರಿಕದ ರಾಷ್ಟ್ರೀಯ ಅರಣ್ಯಗಳ ಕುರಿತ 1960ರ ಬಹುಬಳಕೆ ಕಾಯ್ದೆ ಹೊರಾಂಗಣ ವಿಹಾರವನ್ನು ನಾಟಾ, ಮೇವು, ಜಲಾನಯನ, ವನ್ಯಜೀವಿಗಳ ಸಾಲಿನಲ್ಲೇ ಹೆಸರಿಸಿತು. ಹೆಸರಿಸಿದ ಮೇಲೆ ಒಂದನ್ನು ಇನ್ನೊಂದರೊಡನೆ ತೂಗಬೇಕಾಗುತ್ತದೆ, ತೂಗಲು ಅಳತೆ ಬೇಕಾಗುತ್ತದೆ.

ಇಷ್ಟು ನೆನಪಿರಲಿ: ಹೀಗೆ ಸಿಗುವ ಅಂಕಿ ಕಾಡಿನ ಬೆಲೆಯಲ್ಲ. ಕಾಡಿಗೆ ಹೋಗಿಬಂದದ್ದರಿಂದ ಜನರಿಗೆ ಆದ ಪ್ರಯೋಜನದ ಅಂದಾಜು ಅದು. ನೀರು, ಇಂಗಾಲ, ಜೀವವೈವಿಧ್ಯ, ಕಾಡನ್ನೇ ನಂಬಿ ಬದುಕುವವರ ಹಕ್ಕು ಇವೆಲ್ಲ ಅದರ ಹೊರಗಿವೆ.

ಪ್ರವೇಶ ಶುಲ್ಕದಿಂದ ಬರುವ ಹಣವನ್ನು ಕೂಡಿಸಿದರೆ ಸಾಕಲ್ಲವೇ?

ಸಾಲದು. ಸಾರ್ವಜನಿಕ ಅರಣ್ಯದ ಶುಲ್ಕವನ್ನು ಮಾರುಕಟ್ಟೆ ನಿಗದಿ ಮಾಡಿರುವುದಿಲ್ಲ. ಯಾರಿಗೂ ಭಾರವಾಗದಿರಲಿ ಎಂದು ಆಡಳಿತ ಬೇಕೆಂದೇ ಕಡಿಮೆ ಇಟ್ಟಿರುತ್ತದೆ, ಎಷ್ಟೋ ಕಡೆ ಶುಲ್ಕವೇ ಇರುವುದಿಲ್ಲ. ಶುಲ್ಕವನ್ನೇ ಮೌಲ್ಯ ಎಂದುಕೊಂಡರೆ ಉಚಿತವಾಗಿ ತೆರೆದಿರುವ ಕಾಡು ಯಾವ ಪ್ರಯೋಜನವನ್ನೂ ಕೊಡುತ್ತಿಲ್ಲ ಎಂದು ಒಪ್ಪಬೇಕಾಗುತ್ತದೆ.

ನಮಗೆ ಬೇಕಾದ ಅಳತೆ ಬೇರೆ. ಒಬ್ಬರು ಒಂದು ಭೇಟಿಗಾಗಿ ಹೆಚ್ಚೆಂದರೆ ಎಷ್ಟು ಕೊಡಲು ಸಿದ್ಧರಿದ್ದರು, ನಿಜವಾಗಿ ಎಷ್ಟು ಕೊಟ್ಟರು? ಈ ಎರಡರ ನಡುವಿನ ಅಂತರವೇ ಅವರಿಗೆ ದಕ್ಕಿದ ಲಾಭ. ಅರ್ಥಶಾಸ್ತ್ರದಲ್ಲಿ ಇದನ್ನು ಗ್ರಾಹಕ ಮಿಗತೆ ಎನ್ನುತ್ತಾರೆ. ಕಾಡು ಮುಚ್ಚಿದರೆ ಜನ ಕಳೆದುಕೊಳ್ಳುವುದು ಈ ಮಿಗತೆಯನ್ನು.

ಪ್ರವಾಸಿಗರು ವಾಹನಕ್ಕೆ, ಊಟಕ್ಕೆ, ವಸತಿಗೆ ಸುರಿಯುವ ಹಣ ದೊಡ್ಡ ಮೊತ್ತ. ಅದನ್ನೇ ಕಾಡಿನ ಮೌಲ್ಯ ಎನ್ನಬಾರದೇಕೆ?

ವರದಿಗಳಲ್ಲಿ ನಾನು ಅತಿ ಹೆಚ್ಚು ಕಾಣುವ ಗೊಂದಲ ಇದು. ಖರ್ಚು ಮತ್ತು ಮೌಲ್ಯ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ. ಕಾಡಂಚಿನ ಪಟ್ಟಣದಲ್ಲಿ ಎಷ್ಟು ವ್ಯಾಪಾರ ನಡೆಯಿತು, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂಬುದನ್ನು ಖರ್ಚು ಹೇಳುತ್ತದೆ. ಕಾಡು ಇಲ್ಲದಿದ್ದರೂ ಆ ಹಣದ ಬಹುಪಾಲು ಬೇರೆಲ್ಲೋ ಖರ್ಚಾಗುತ್ತಿತ್ತು. ಹಾಗಾಗಿ ಇಡೀ ಸಮಾಜದ ದೃಷ್ಟಿಯಿಂದ ನೋಡಿದರೆ ಅದು ಒಂದೂರಿನಿಂದ ಇನ್ನೊಂದೂರಿಗೆ ಜಾಗ ಬದಲಿಸಿದ ಹಣ.

ಭೇಟಿ ಕೊಟ್ಟವರಿಗೆ ಖರ್ಚು ಎಂದರೆ ಹೊರೆ. ರಸ್ತೆ ಕೆಟ್ಟು ಇಂಧನ ಹೆಚ್ಚು ಉರಿದರೆ ಖರ್ಚು ಏರುತ್ತದೆ, ಕಾಡಿನ ಮೌಲ್ಯ ಏರುವುದಿಲ್ಲ. ಸ್ಥಳೀಯ ಉದ್ಯೋಗದ ಚರ್ಚೆಗೆ ಖರ್ಚಿನ ಅಂಕಿ ಬೇಕು, ಕಾಡನ್ನು ಉಳಿಸಬೇಕೇ ಬದಲಿಸಬೇಕೇ ಎಂಬ ತೀರ್ಮಾನಕ್ಕೆ ಮಿಗತೆಯ ಅಂಕಿ ಬೇಕು. ಎರಡನ್ನೂ ಕೂಡಿಸಿ ಒಂದು ದೊಡ್ಡ ಮೊತ್ತ ತೋರಿಸುವುದು ತಪ್ಪು, ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ.

## ಎಣಿಸುವುದು, ಅಳೆಯುವುದು

ಕಾಡಿಗೆ ಬಾಗಿಲೇ ಇಲ್ಲ. ಬಂದವರನ್ನು ಎಣಿಸುವುದು ಹೇಗೆ?

ಇಡೀ ಲೆಕ್ಕದ ಬುಡ ಇದು. ಒಂದು ಭೇಟಿಯ ಮೌಲ್ಯವನ್ನು ಎಷ್ಟು ನಾಜೂಕಾಗಿ ಅಂದಾಜಿಸಿದರೂ ಭೇಟಿಗಳ ಸಂಖ್ಯೆ ಎರಡು ಪಟ್ಟು ತಪ್ಪಿದರೆ ಉತ್ತರವೂ ಎರಡು ಪಟ್ಟು ತಪ್ಪುತ್ತದೆ. ಆದರೂ ಹಣ ಮತ್ತು ಶ್ರಮ ಹೆಚ್ಚಾಗಿ ಸಿಗುವುದು ನಾಜೂಕಿನ ಕೆಲಸಕ್ಕೆ.

ಸಾಮಾನ್ಯವಾಗಿ ಹಾದಿಗಳ ಬಾಯಿಯಲ್ಲಿ ಅವಗೆಂಪು ಕಿರಣದ ಎಣಿಕೆ ಯಂತ್ರ, ರಸ್ತೆಗಳಲ್ಲಿ ವಾಹನ ಎಣಿಸುವ ಸಾಧನ ಇಡುತ್ತಾರೆ. ಯಂತ್ರ ಜಿಂಕೆಯನ್ನೂ ಎಣಿಸುತ್ತದೆ, ಅಕ್ಕಪಕ್ಕ ನಡೆಯುವ ಇಬ್ಬರನ್ನು ಒಬ್ಬರೆಂದೂ ಎಣಿಸುತ್ತದೆ. ಆದ್ದರಿಂದ ಕೆಲವು ದಿನ ಸಿಬ್ಬಂದಿಯೇ ನಿಂತು ಎಣಿಸಿ ಯಂತ್ರದ ಅಂಕಿಯನ್ನು ತಿದ್ದಬೇಕು. ಅಮೆರಿಕದ ಅರಣ್ಯ ಸೇವೆ 2000ದಲ್ಲಿ ಆರಂಭಿಸಿದ ಭೇಟಿ ಸಮೀಕ್ಷೆಯಲ್ಲಿ ಪ್ರತಿ ರಾಷ್ಟ್ರೀಯ ಅರಣ್ಯದ ಸರದಿ ಐದು ವರ್ಷಕ್ಕೊಮ್ಮೆ ಬರುತ್ತದೆ. ಜಾಗಗಳನ್ನೂ ದಿನಗಳನ್ನೂ ಅಂಕಿಅಂಶ ವಿಜ್ಞಾನದ ನಿಯಮದಂತೆ ಆಯ್ದು, ಹೊರಬರುವವರನ್ನು ಮಾತನಾಡಿಸುತ್ತಾರೆ. ಒಳಹೋಗುವವರನ್ನು ಕೇಳಿದರೆ ಅವರು ಎಷ್ಟು ಹೊತ್ತು ಇದ್ದರು, ಏನು ಮಾಡಿದರು ಎಂಬುದು ತಿಳಿಯುವುದಿಲ್ಲ.

ಈಚೆಗೆ ಮೊಬೈಲ್ ಸ್ಥಳ ಮಾಹಿತಿಯನ್ನೂ ಸಾಮಾಜಿಕ ಜಾಲತಾಣದ ಫೋಟೊಗಳನ್ನೂ ಬಳಸುತ್ತಿದ್ದಾರೆ. ವಿಶಾಲ ಪ್ರದೇಶಕ್ಕೆ ಇವು ಅನುಕೂಲ. ಆದರೆ ಸಂಕೇತ ಸಿಗದ ಕಣಿವೆಯಲ್ಲಿ ನಡೆದವರು, ಫೋಟೊ ಹಾಕುವ ಅಭ್ಯಾಸವಿಲ್ಲದ ಹಿರಿಯರು ಇವುಗಳ ಕಣ್ಣಿಗೆ ಬೀಳುವುದಿಲ್ಲ. ನೆಲದ ಮೇಲಿನ ಎಣಿಕೆಗೆ ಇವು ಪೂರಕ ಮಾತ್ರ.

ಅಳತೆಯ ಘಟಕವನ್ನೂ ಗಮನಿಸಿ. ಒಬ್ಬರೇ ಹತ್ತು ಸಲ ಬಂದರೆ ಸಂದರ್ಶಕರು ಒಬ್ಬರು, ಭೇಟಿಗಳು ಹತ್ತು. ಹನ್ನೆರಡು ಗಂಟೆಗಳ ಬಳಕೆಯನ್ನು ಒಂದು ಸಂದರ್ಶಕ ದಿನ ಎಂದು ಎಣಿಸುವ ಹಳೆಯ ಪದ್ಧತಿಯೂ ಇತ್ತು. ಒಂದು ಘಟಕದ ಮೌಲ್ಯವನ್ನು ಇನ್ನೊಂದು ಘಟಕದ ಸಂಖ್ಯೆಯೊಡನೆ ಗುಣಿಸಿದ ವರದಿಯನ್ನು ಪಕ್ಕಕ್ಕಿಡಬೇಕಾಗುತ್ತದೆ.

ಪ್ರಯಾಣ ವೆಚ್ಚದ ವಿಧಾನ ಎನ್ನುತ್ತಾರಲ್ಲ, ಅದನ್ನು ಒಂದು ಉದಾಹರಣೆ ಕೊಟ್ಟು ವಿವರಿಸುವಿರಾ?

ಈ ವಿಧಾನದ ಮೂಲ ಒಂದು ಪತ್ರ. 1947ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಗೆ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ ಬರೆದ ಆ ಪತ್ರದ ಆಲೋಚನೆ ಇದು: ಒಳಗೆ ಹೋಗಲು ಎಲ್ಲರಿಗೂ ಒಂದೇ ದರವಿರಬಹುದು, ಆದರೆ ಅಲ್ಲಿಗೆ ತಲುಪಲು ಪ್ರತಿಯೊಬ್ಬರಿಗೂ ಬೇರೆ ಬೇರೆ ಖರ್ಚಾಗುತ್ತದೆ. ದೂರ ಹೆಚ್ಚಿದಂತೆ ಬರುವವರ ಪ್ರಮಾಣ ಇಳಿಯುತ್ತದೆ. ವೆಚ್ಚ ಏರಿದಂತೆ ಭೇಟಿಗಳು ಎಷ್ಟು ಇಳಿಯುತ್ತವೆ ಎಂದು ತೋರಿಸುವ ಬೇಡಿಕೆ ರೇಖೆ ಆ ಇಳಿಕೆಯಲ್ಲೇ ಅಡಗಿದೆ. 1950ರ ದಶಕದ ಕೊನೆಯಲ್ಲಿ ಅರ್ಥಶಾಸ್ತ್ರಜ್ಞ ಮೇರಿಯನ್ ಕ್ಲಾಸನ್ ಇದನ್ನು ಬಳಸಬಲ್ಲ ಲೆಕ್ಕವಾಗಿ ಬೆಳೆಸಿದರು.

ಒಂದು ಕಾಲ್ಪನಿಕ ಕಾಡು ತೆಗೆದುಕೊಳ್ಳೋಣ, ಹಣವನ್ನು ಸುಮ್ಮನೆ ನಾಣ್ಯ ಎಂದು ಕರೆಯೋಣ. ಸುತ್ತ ಮೂರು ವಲಯಗಳಿವೆ. ಹತ್ತಿರದ ವಲಯದಲ್ಲಿ 10,000 ಜನ, ಒಂದು ಭೇಟಿಗೆ ಪ್ರಯಾಣ ವೆಚ್ಚ 10 ನಾಣ್ಯ, ವರ್ಷಕ್ಕೆ 4,000 ಭೇಟಿ. ನಡುವಿನ ವಲಯದಲ್ಲಿ 20,000 ಜನ, ವೆಚ್ಚ 20, ಭೇಟಿ 6,000. ದೂರದ ವಲಯದಲ್ಲಿ 50,000 ಜನ, ವೆಚ್ಚ 40, ಭೇಟಿ 5,000. ಸಾವಿರ ಜನಕ್ಕೆ ಲೆಕ್ಕ ಹಾಕಿದರೆ ಕ್ರಮವಾಗಿ 400, 300, 100 ಭೇಟಿಗಳು. ವೆಚ್ಚ ಒಂದು ನಾಣ್ಯ ಏರಿದರೆ ಸಾವಿರಕ್ಕೆ 10 ಭೇಟಿ ಇಳಿಯುತ್ತದೆ, 50 ನಾಣ್ಯ ಮುಟ್ಟಿದರೆ ಯಾರೂ ಬರುವುದಿಲ್ಲ.

ಈಗ ಪ್ರತಿ ವಲಯದ ವೆಚ್ಚದಿಂದ 50ರವರೆಗೆ ಬೇಡಿಕೆ ರೇಖೆಯ ಕೆಳಗಿರುವ ತ್ರಿಕೋನದ ವಿಸ್ತೀರ್ಣ ನೋಡಿ, ಅದೇ ಆ ವಲಯದ ಗ್ರಾಹಕ ಮಿಗತೆ. ಹತ್ತಿರದ ವಲಯಕ್ಕೆ ಸಾವಿರ ಜನಕ್ಕೆ 40 × 400 ÷ 2, ಅಂದರೆ 8,000 ನಾಣ್ಯ. ಹತ್ತು ಸಾವಿರ ಜನಕ್ಕೆ 80,000. ಹಾಗೆಯೇ ನಡುವಿನ ವಲಯಕ್ಕೆ 90,000, ದೂರದ್ದಕ್ಕೆ 25,000. ಒಟ್ಟು 1,95,000 ನಾಣ್ಯ. ಒಟ್ಟು 15,000 ಭೇಟಿಗಳಿಗೆ ಹಂಚಿದರೆ ಸರಾಸರಿ 13 ನಾಣ್ಯ.

ಇಲ್ಲಿಗೇ ನಿಲ್ಲಬೇಡಿ. ಹತ್ತಿರದವರಿಗೆ ಪ್ರತಿ ಭೇಟಿಗೆ ಸಿಕ್ಕ ಮಿಗತೆ 20, ನಡುವಿನವರಿಗೆ 15, ದೂರದವರಿಗೆ ಕೇವಲ 5. ಖರ್ಚು ನೋಡಿದರೆ ಇದು ತಲೆಕೆಳಗು: ಹತ್ತಿರದವರದ್ದು ಒಟ್ಟು 40,000, ನಡುವಿನವರದ್ದು 1,20,000, ದೂರದವರದ್ದು 2,00,000. ಖರ್ಚನ್ನು ಮೌಲ್ಯವೆಂದು ತಿಳಿದ ಆಡಳಿತ ದೂರದವರಿಗಾಗಿ ವಾಹನ ನಿಲ್ದಾಣ ಕಟ್ಟಿಸಿ, ಹತ್ತಿರದವರ ಕಾಲುದಾರಿಯನ್ನು ಮರೆತುಬಿಡುತ್ತದೆ. ಪ್ರತಿ ಭೇಟಿಗೆ ಕಾಡು ಅತಿ ಹೆಚ್ಚು ಸುಖ ಕೊಡುತ್ತಿರುವುದು ಆ ಕಾಲುದಾರಿಯಲ್ಲಿ.

ನಿಜವಾದ ಅಧ್ಯಯನದಲ್ಲಿ ವಲಯಗಳ ಬದಲು ವ್ಯಕ್ತಿಗಳ ಮಾಹಿತಿ ಬಳಸುತ್ತಾರೆ. ಆದಾಯ, ವಯಸ್ಸು, ಹತ್ತಿರದಲ್ಲಿರುವ ಬೇರೆ ಕಾಡುಗಳು ಎಲ್ಲವನ್ನೂ ಸಮೀಕರಣದಲ್ಲಿ ಸೇರಿಸುತ್ತಾರೆ. ರೇಖೆಯೂ ಹೀಗೆ ನೇರವಾಗಿ ಇರುವುದು ಅಪರೂಪ.

ದಾರಿಯಲ್ಲಿ ಕಳೆದ ಹೊತ್ತಿಗೂ ಹಣ ಲೆಕ್ಕ ಹಾಕಬೇಕೇ?

ಹಾಕಬೇಕು. ನಾಲ್ಕು ಗಂಟೆ ಪ್ರಯಾಣ ಮಾಡಿದವರು ಇಂಧನದ ಜೊತೆಗೆ ಆ ನಾಲ್ಕು ಗಂಟೆಗಳನ್ನೂ ತೆತ್ತಿದ್ದಾರೆ. ಆದರೆ ಎಷ್ಟು? ಕೂಲಿ ದರದ ಮೂರನೇ ಒಂದು ಭಾಗ ಎಂದು ಹಿಡಿಯುವುದು ಬಹಳ ಅಧ್ಯಯನಗಳ ರೂಢಿ. ಇದು ಒಪ್ಪಿಕೊಂಡ ರೂಢಿಯೇ ಹೊರತು ನಿಸರ್ಗ ನಿಯಮವಲ್ಲ. ಈ ಭಾಗವನ್ನು ಬದಲಿಸಿದರೆ ಅಂತಿಮ ಉತ್ತರ ಗಣನೀಯವಾಗಿ ಬದಲಾಗುತ್ತದೆ. ನಿವೃತ್ತರು, ಮನೆಯಲ್ಲಿ ದುಡಿಯುವವರು, ನಿರುದ್ಯೋಗಿಗಳ ಹೊತ್ತನ್ನು ಸೊನ್ನೆ ಎಂದು ಹಿಡಿದ ಲೆಕ್ಕಗಳನ್ನು ನಾನು ಒಪ್ಪುವುದಿಲ್ಲ. ಅವರಿಗೂ ದಿನಕ್ಕೆ ಇಪ್ಪತ್ನಾಲ್ಕೇ ಗಂಟೆ.

ಒಂದೇ ಪ್ರವಾಸದಲ್ಲಿ ಮೂರು ನಾಲ್ಕು ಜಾಗ ನೋಡಿದರೆ ಪೂರ್ತಿ ವೆಚ್ಚವನ್ನು ಒಂದೇ ಕಾಡಿಗೆ ಹಾಕಬಹುದೇ?

ಹಾಕಬಾರದು, ಮೌಲ್ಯ ಉಬ್ಬುತ್ತದೆ. ಈ ಕಾಡಿಗೆಂದೇ ಹೊರಟಿರಾ ಎಂದು ಕೇಳಿ, ಹಾಗಲ್ಲದವರನ್ನು ಬೇರೆ ಗುಂಪಾಗಿ ವಿಶ್ಲೇಷಿಸುವುದು ಸರಳ ದಾರಿ. ಕಳೆದ ಸಮಯದ ಅನುಪಾತದಲ್ಲಿ ವೆಚ್ಚ ಹಂಚುವವರೂ ಇದ್ದಾರೆ.

“ಎಷ್ಟು ಕೊಡುತ್ತೀರಿ” ಎಂದು ನೇರವಾಗಿ ಕೇಳಿದರೆ ಜನ ಬಾಯಿಗೆ ಬಂದದ್ದು ಹೇಳುವುದಿಲ್ಲವೇ?

ಕೇಳುವ ರೀತಿ ಕೆಟ್ಟದ್ದಾಗಿದ್ದರೆ ಖಂಡಿತ ಹೇಳುತ್ತಾರೆ. ಈ ವಿಧಾನವನ್ನು ವಿಹಾರಕ್ಕೆ ಗಂಭೀರವಾಗಿ ಮೊದಲು ಬಳಸಿದವರಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಡೇವಿಸ್ ಪ್ರಮುಖರು. 1963ರ ತಮ್ಮ ಸಂಶೋಧನೆಗಾಗಿ ಅವರು ಅಮೆರಿಕದ ಮೇನ್ ರಾಜ್ಯದ ಕಾಡುಗಳಿಗೆ ಬರುವವರನ್ನು ಮಾತನಾಡಿಸಿದರು. ಆ ಮೇಲಿನ ದೊಡ್ಡ ಜಗಳ ಹುಟ್ಟಿದ್ದು ಅಲಾಸ್ಕದ ತೀರದಲ್ಲಿ 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ತೈಲ ಸೋರಿದಾಗ. ಹಾನಿಯ ಲೆಕ್ಕಕ್ಕೆ ಇಂಥ ಸಮೀಕ್ಷೆಯನ್ನು ನಂಬಬಹುದೇ ಎಂಬುದು ಪ್ರಶ್ನೆಯಾಯಿತು. ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ ನೇತೃತ್ವದ ತಜ್ಞರ ಸಮಿತಿ 1993ರಲ್ಲಿ ವರದಿ ಕೊಟ್ಟಿತು: ಕಟ್ಟುನಿಟ್ಟಾಗಿ ಮಾಡಿದರೆ ನ್ಯಾಯಾಲಯದಲ್ಲಿ ಹಾನಿಯನ್ನು ನಿರ್ಧರಿಸುವ ಪ್ರಕ್ರಿಯೆಯ ಆರಂಭಕ್ಕೆ ಸಾಕಾಗುವಷ್ಟು ಇದು ನಂಬಲರ್ಹ.

ಕಟ್ಟುನಿಟ್ಟು ಎಂದರೆ ಹೀಗೆ. ಎಷ್ಟು ಕೊಡುವಿರಿ ಎಂದು ಬಯಲಿಗೆ ಬಿಡದೆ, ಇಷ್ಟು ಮೊತ್ತವಾದರೆ ಒಪ್ಪುವಿರಾ ಎಂದು ಹೌದು ಅಥವಾ ಇಲ್ಲ ಎನ್ನುವಂತೆ ಕೇಳಬೇಕು. ಬೇರೆ ಬೇರೆ ಜನರ ಮುಂದೆ ಬೇರೆ ಬೇರೆ ಮೊತ್ತ ಇಡಬೇಕು. ಈ ಹಣ ನಿಮ್ಮ ಮನೆಯ ಬೇರೆ ಖರ್ಚಿನಿಂದಲೇ ಬರಬೇಕು, ಹತ್ತಿರದಲ್ಲಿ ಬೇರೆ ಕಾಡುಗಳೂ ಇವೆ ಎಂದು ನೆನಪಿಸಬೇಕು. ಕಾಡು ಎಲ್ಲರದ್ದು, ನಾನೇಕೆ ಕೊಡಲಿ ಎಂದು ಸೊನ್ನೆ ಹೇಳುವವರನ್ನು, ನನಗೆ ಕಾಡಿನಲ್ಲಿ ಆಸಕ್ತಿಯಿಲ್ಲ ಎಂದು ಸೊನ್ನೆ ಹೇಳುವವರಿಂದ ಬೇರ್ಪಡಿಸಬೇಕು. ಮೊದಲಿನವರದ್ದು ಪ್ರತಿಭಟನೆ, ಬೆಲೆಯಲ್ಲ. ಇಷ್ಟಾದರೂ ಕೈಯಿಂದ ಹಣ ಹೋಗದ ಪ್ರಶ್ನೆಗೆ ಜನ ಧಾರಾಳವಾಗಿ ಉತ್ತರಿಸುವ ಒಲವು ಪೂರ್ತಿ ಹೋಗುವುದಿಲ್ಲ.

ಇನ್ನೂ ಇಲ್ಲದ ಹಾದಿ, ಮುಂದೆ ಬರಲಿರುವ ಬದಲಾವಣೆ ಇಂಥವನ್ನು ಅಳೆಯಲು ಮಾತ್ರ ಹೀಗೆ ಕೇಳದೆ ಗತ್ಯಂತರವಿಲ್ಲ. ಇನ್ನೂ ನಡೆಯದ ಪ್ರಯಾಣಗಳ ಮಾಹಿತಿ ಎಲ್ಲೂ ಸಿಗುವುದಿಲ್ಲ.

ನಮ್ಮ ಬಳಿ ಹೊಸ ಸಮೀಕ್ಷೆಗೆ ಹಣವಿಲ್ಲ. ಬೇರೆ ಕಾಡಿನ ಅಂಕಿಯನ್ನು ತಂದು ಬಳಸಬಹುದೇ?

ಬಳಸುತ್ತಾರೆ, ಎಚ್ಚರದಿಂದ ಬಳಸಬಹುದು. ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ನೂರಾರು ವಿಹಾರ ಮೌಲ್ಯಮಾಪನಗಳನ್ನು ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯ ಒಂದು ದತ್ತಸಂಚಯದಲ್ಲಿ ಚಟುವಟಿಕೆಯ ಪ್ರಕಾರ ಜೋಡಿಸಿಟ್ಟಿರುವುದು ಇದಕ್ಕಾಗಿಯೇ. ಒಂದು ಕಾಡಿನ ಸರಾಸರಿಯನ್ನು ಹಾಗೇ ಎತ್ತಿ ಇನ್ನೊಂದಕ್ಕೆ ಅಂಟಿಸುವುದು ಅತಿ ದುರ್ಬಲ ದಾರಿ. ಮೌಲ್ಯವನ್ನು ಆದಾಯ, ದೂರ, ಬದಲಿ ಜಾಗಗಳಿಗೆ ಜೋಡಿಸುವ ಸಮೀಕರಣವನ್ನು ತಂದು ಅದರಲ್ಲಿ ನಿಮ್ಮ ಜಾಗದ ಅಂಕಿಗಳನ್ನು ಹಾಕುವುದು ಸಾಮಾನ್ಯವಾಗಿ ಮೇಲು. ಶ್ರೀಮಂತ ದೇಶದ ಮೌಲ್ಯವನ್ನು ವಿನಿಮಯ ದರದಲ್ಲಿ ಗುಣಿಸಿ ಬಡ ದೇಶಕ್ಕೆ ತರುವುದನ್ನು ಯಾವ ನೆಪಕ್ಕೂ ಮಾಡಬೇಡಿ. ನನ್ನ ಸಲಹೆ: ಇರುವ ಅಲ್ಪ ಹಣವನ್ನು ನಿಮ್ಮ ಕಾಡಿನ ಭೇಟಿಗಳನ್ನು ಸರಿಯಾಗಿ ಎಣಿಸಲು ಬಳಸಿ, ಮೌಲ್ಯವನ್ನು ಬೇಕಿದ್ದರೆ ಎರವಲು ತನ್ನಿ. ಎಣಿಕೆ ಎರವಲು ಸಿಗುವುದಿಲ್ಲ.

## ಆಳಕ್ಕೆ ಹೋದಾಗ

ಒಂದೇ ಒಂದು ಹಾದಿ ಮುಚ್ಚಿದರೆ ಆಗುವ ನಷ್ಟ, ಆ ಹಾದಿಯ ಭೇಟಿಗಳು ಗುಣಿಸು ಸರಾಸರಿ ಮೌಲ್ಯ ಅಲ್ಲವೇ?

ಅಲ್ಲ. ಹಾದಿ ಮುಚ್ಚಿದರೆ ಹಲವರು ಪಕ್ಕದ ಹಾದಿಗೆ ಹೋಗುತ್ತಾರೆ. ಅವರ ನಷ್ಟ ಎರಡು ಹಾದಿಗಳ ನಡುವಿನ ವ್ಯತ್ಯಾಸದಷ್ಟು ಮಾತ್ರ. ಸುತ್ತ ಬದಲಿ ಜಾಗವೇ ಇಲ್ಲದಿದ್ದರೆ ನಷ್ಟ ಪೂರ್ಣ. ಅದಕ್ಕೇ ಇಲ್ಲಿ ಆಯ್ಕೆ ಮಾದರಿಗಳು ಬೇಕು: ಪ್ರತಿ ವ್ಯಕ್ತಿಯ ಮುಂದೆ ಇರುವ ಎಲ್ಲ ಜಾಗಗಳು, ಅವುಗಳ ದೂರ, ನೆರಳು, ನೀರು, ಏರಿಳಿತ ಎಲ್ಲವನ್ನೂ ಇಟ್ಟು, ಅವರು ಯಾವುದನ್ನು ಏಕೆ ಆರಿಸಿದರು ಎಂದು ಅಂದಾಜಿಸುತ್ತವೆ. ಇದರ ಗಣಿತಕ್ಕೆ ಬುನಾದಿ ಹಾಕಿದ ಡೇನಿಯಲ್ ಮ್ಯಾಕ್‌ಫ್ಯಾಡನ್ ಅವರಿಗೆ 2000ದಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಯಲು ತಾಣಗಳಿಗಾಗಿ ಎಕ್ಸೆಟರ್ ವಿಶ್ವವಿದ್ಯಾಲಯ ರೂಪಿಸಿದ ನಕ್ಷೆ ಸಾಧನವೂ ಇದೇ ತತ್ತ್ವದ ಮೇಲೆ ನಿಂತಿದೆ.

ಹಾದಿಯ ಮೇಲೆ ಸಿಕ್ಕವರನ್ನು ಕೇಳಿದರೆ ಸಾಕೇ?

ವಾರಕ್ಕೊಮ್ಮೆ ಬರುವವರು ನಿಮಗೆ ಸಿಗುವ ಸಾಧ್ಯತೆ, ವರ್ಷಕ್ಕೊಮ್ಮೆ ಬರುವವರಿಗಿಂತ ಐವತ್ತು ಪಟ್ಟು ಹೆಚ್ಚು. ತಿದ್ದದೆ ಬಿಟ್ಟರೆ ಸಮೀಕ್ಷೆಗೆ ಸಿಕ್ಕವರ ಗುಂಪಿನಲ್ಲಿ ಕಾಡಿನ ಪ್ರೇಮಿಗಳೇ ತುಂಬಿಕೊಳ್ಳುತ್ತಾರೆ. ಒಮ್ಮೆಯೂ ಬಾರದವರಂತೂ ಅದರಲ್ಲಿ ಇರುವುದೇ ಇಲ್ಲ. ಇದಕ್ಕೆ ಅಂಕಿಅಂಶದ ತಿದ್ದುಪಡಿಗಳಿವೆ. ಸಾಧ್ಯವಿದ್ದರೆ ಮನೆಮನೆ ಸಮೀಕ್ಷೆಯನ್ನೂ ಜೊತೆಗೆ ಮಾಡುವುದು ಒಳ್ಳೆಯದು.

ಬಡವರು ಕಡಿಮೆ ಕೊಡಬಲ್ಲರು. ಹಾಗಾದರೆ ಅವರು ಬಳಸುವ ಕಾಡಿಗೆ ಕಡಿಮೆ ಬೆಲೆಯೇ?

ಇಡೀ ವಿದ್ಯೆಯ ಅತ್ಯಂತ ನೋಯುವ ಜಾಗ ಇದು. ಕೊಡಲು ಸಿದ್ಧವಿರುವ ಮೊತ್ತ ಇಷ್ಟವನ್ನೂ ತೋರಿಸುತ್ತದೆ, ಜೇಬನ್ನೂ ತೋರಿಸುತ್ತದೆ. ಎರಡು ಕಾಡುಗಳಿಗೆ ಸಮಾನ ಭೇಟಿಗಳಿದ್ದು, ಒಂದಕ್ಕೆ ಶ್ರೀಮಂತರು ದೂರದಿಂದ ಕಾರಿನಲ್ಲಿ, ಇನ್ನೊಂದಕ್ಕೆ ಪಕ್ಕದ ಬಡಾವಣೆಯ ಕೂಲಿಕಾರರು ನಡೆದು ಬರುತ್ತಿದ್ದರೆ, ಬರಿಯ ಲೆಕ್ಕ ಮೊದಲ ಕಾಡನ್ನು ಮೇಲೆ ಕೂರಿಸುವ ಸಾಧ್ಯತೆ ಹೆಚ್ಚು. ನಡೆದು ಬರುವವರಲ್ಲಿ ಇನ್ನೊಂದು ತೊಡಕಿದೆ: ಅವರ ಪ್ರಯಾಣ ವೆಚ್ಚದಲ್ಲಿ ವ್ಯತ್ಯಾಸವೇ ಇಲ್ಲದಷ್ಟು ಎಲ್ಲರೂ ಹತ್ತಿರದಲ್ಲಿದ್ದರೆ, ಬೇಡಿಕೆ ರೇಖೆ ಎಳೆಯಲು ಬೇಕಾದ ಏರಿಳಿತವೇ ಸಿಗುವುದಿಲ್ಲ. ಸಂಶೋಧಕರು ಅವರನ್ನು ಲೆಕ್ಕದಿಂದ ಬಿಟ್ಟುಬಿಡುವುದೂ ಉಂಟು. ಕಾಡನ್ನು ಅತಿ ಹೆಚ್ಚು ಬಳಸುವವರು ವರದಿಯಲ್ಲಿ ಕಾಣೆಯಾಗುವುದು ಹೀಗೆ.

ಮಾಡಬಹುದಾದದ್ದು ಇದೆ. ಒಟ್ಟು ಮೊತ್ತದ ಜೊತೆಗೆ ಯಾವ ಆದಾಯದವರಿಗೆ ಎಷ್ಟು ಸಂದಿತು ಎಂಬ ಪಟ್ಟಿ ಕೊಡಬೇಕು. ಎಲ್ಲ ಭೇಟಿಗಳಿಗೂ ಒಂದೇ ಮೌಲ್ಯ ಹಿಡಿದು ಇನ್ನೊಂದು ಲೆಕ್ಕ ತೋರಿಸಬಹುದು. ಕಡಿಮೆ ಆದಾಯದವರ ಒಂದು ನಾಣ್ಯಕ್ಕೆ ಹೆಚ್ಚು ತೂಕ ಕೊಡುವ ಪದ್ಧತಿಯೂ ಅರ್ಥಶಾಸ್ತ್ರದಲ್ಲಿದೆ. ಸಾರ್ವಜನಿಕ ಅರಣ್ಯ ಸಾರ್ವಜನಿಕರೆಲ್ಲರದ್ದು. ಹಂಚಿಕೆಯ ಪಟ್ಟಿಯಿಲ್ಲದ ಮೌಲ್ಯಮಾಪನ ನನ್ನ ಮಟ್ಟಿಗೆ ಅಪೂರ್ಣ.

ಜನ ಹೆಚ್ಚು ಬಂದಷ್ಟೂ ಮೌಲ್ಯ ಹೆಚ್ಚುತ್ತಲೇ ಹೋಗುತ್ತದೆಯೇ?

ಒಂದು ಹಂತದವರೆಗೆ. ಆಮೇಲೆ ಹೊಸದಾಗಿ ಬಂದ ಒಬ್ಬೊಬ್ಬರೂ ಮೊದಲೇ ಇದ್ದವರ ಏಕಾಂತವನ್ನು ಸ್ವಲ್ಪ ಸ್ವಲ್ಪ ಕಸಿಯುತ್ತಾರೆ. ಹಾದಿ ಸವೆಯುತ್ತದೆ, ಪ್ರಾಣಿಗಳು ದೂರ ಸರಿಯುತ್ತವೆ. ಸಂಖ್ಯೆ ಏರುತ್ತಿರುವಾಗಲೇ ಒಟ್ಟು ಮೌಲ್ಯ ಇಳಿಯಬಹುದು.

ವಿಹಾರವನ್ನು ನಾಟಾ ಅಥವಾ ಅಣೆಕಟ್ಟಿನ ಲಾಭದೊಡನೆ ಹೋಲಿಸುವುದು ಹೇಗೆ?

ಎರಡೂ ಕಡೆ ಖರ್ಚು ಕಳೆದ ನಿವ್ವಳ ಮೌಲ್ಯವನ್ನೇ ಇಡಬೇಕು. ನಾಟಾದ ಮಾರಾಟ ಬೆಲೆಯನ್ನು ವಿಹಾರದ ಮಿಗತೆಯ ಎದುರಿಗೆ ಇಟ್ಟರೆ ತಕ್ಕಡಿಯೇ ಸುಳ್ಳು. ಮರ ಕಡಿದು ಸಾಗಿಸುವ ವೆಚ್ಚ ಕಳೆದ ಮೇಲೆ ಉಳಿದದ್ದು ಮಾತ್ರ ನಾಟಾದ ಪಾಲು.

ಮುಂದಿನ ವಿಷಯ ಕಾಲ. ಅರ್ಥಶಾಸ್ತ್ರಜ್ಞ ಜಾನ್ ಕ್ರುಟಿಲ್ಲಾ 1967ರಲ್ಲಿ ಮುಂದಿಟ್ಟ ವಾದ ಇಂದಿಗೂ ಗಟ್ಟಿಯಾಗಿ ನಿಂತಿದೆ: ತಂತ್ರಜ್ಞಾನ ಬೆಳೆದಂತೆ ವಿದ್ಯುತ್ತಿಗೆ, ಕಚ್ಚಾವಸ್ತುವಿಗೆ ಬದಲಿಗಳು ಹುಟ್ಟುತ್ತವೆ. ಕಾಡು ಕಣಿವೆಯನ್ನು ತಯಾರಿಸುವ ತಂತ್ರಜ್ಞಾನ ಮಾತ್ರ ಇಲ್ಲ. ಆದ್ದರಿಂದ ಮೊದಲಿನದ್ದರ ಮೌಲ್ಯ ಕಾಲಕ್ರಮೇಣ ಇಳಿಯುತ್ತದೆ, ಎರಡನೆಯದ್ದು ಏರುತ್ತದೆ. ಅಮೆರಿಕದ ಸ್ನೇಕ್ ನದಿಯ ಹೆಲ್ಸ್ ಕಣಿವೆಗೆ ಅಣೆಕಟ್ಟು ಕಟ್ಟುವ ಯೋಜನೆಯನ್ನು ಕ್ರುಟಿಲ್ಲಾ ಮತ್ತು ಅವರ ಸಹೋದ್ಯೋಗಿಗಳು ಈ ಕಣ್ಣಿನಿಂದ ವಿಶ್ಲೇಷಿಸಿದರು. 1975ರಲ್ಲಿ ಅಲ್ಲಿನ ಸಂಸತ್ತು ಆ ಕಣಿವೆಯನ್ನು ರಾಷ್ಟ್ರೀಯ ವಿಹಾರ ಪ್ರದೇಶವೆಂದು ಘೋಷಿಸಿತು. ಅದಕ್ಕೆ ಕಾರಣಗಳು ಹಲವಿದ್ದವು, ಆದರೆ ಅಂಕಿ ಈ ಸಲ ಕಣಿವೆಯ ಪಕ್ಕದಲ್ಲಿ ನಿಂತಿತ್ತು.

ಮರಳಿ ಪಡೆಯಲಾಗದ ನಿರ್ಧಾರವನ್ನು ಮರಳಿ ಪಡೆಯಬಹುದಾದ ನಿರ್ಧಾರದಂತೆ ಲೆಕ್ಕ ಹಾಕಬಾರದು. ಕಡಿಯುವುದನ್ನು ಮುಂದೂಡಬಹುದು. ಹಳೆಯ ಕಾಡನ್ನು ಕಡಿದ ಮೇಲೆ ನೂರಾರು ವರ್ಷ ಕಾಯಬೇಕು.

ಈ ಮೊತ್ತವನ್ನು ಒಟ್ಟು ದೇಶೀಯ ಉತ್ಪನ್ನದ ಜೊತೆ ಹೋಲಿಸಬಹುದೇ?

ನೇರವಾಗಿ ಬೇಡ. ದೇಶದ ಲೆಕ್ಕಪತ್ರದಲ್ಲಿ ಇರುವುದು ವ್ಯವಹಾರದ ಮೌಲ್ಯ, ಗ್ರಾಹಕ ಮಿಗತೆ ಅಲ್ಲಿಲ್ಲ. ಅಮೆರಿಕದ ಆರ್ಥಿಕ ವಿಶ್ಲೇಷಣಾ ಸಂಸ್ಥೆ 2018ರಿಂದ ಹೊರಾಂಗಣ ವಿಹಾರಕ್ಕೆ ಪ್ರಕಟಿಸುತ್ತಿರುವ ಪ್ರತ್ಯೇಕ ಲೆಕ್ಕ ಉತ್ಪಾದನೆ ಮತ್ತು ಉದ್ಯೋಗವನ್ನು ಅಳೆಯುತ್ತದೆ. ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗ 2021ರಲ್ಲಿ ಒಪ್ಪಿದ ಪರಿಸರ ವ್ಯವಸ್ಥೆಗಳ ಲೆಕ್ಕಪತ್ರ ಚೌಕಟ್ಟೂ ವಿನಿಮಯ ಮೌಲ್ಯವನ್ನೇ, ಅಂದರೆ ಕೊಡುಕೊಳ್ಳುವಾಗ ನಿಲ್ಲುವ ಬೆಲೆಯನ್ನೇ, ಆಧರಿಸಿದೆ.

ವರದಿಯೊಂದು ಕೈಗೆ ಬಂದರೆ ಮೊದಲು ಯಾವುದನ್ನು ನೋಡಬೇಕು?

ಮುಖಪುಟದ ದೊಡ್ಡ ಅಂಕಿಯನ್ನು ಬಿಟ್ಟು, ಭೇಟಿಗಳನ್ನು ಹೇಗೆ ಎಣಿಸಿದರು ಎಂಬ ಅಧ್ಯಾಯಕ್ಕೆ ಹೋಗಿ. ಅದು ಅರ್ಧ ಪುಟದಲ್ಲಿ ಮುಗಿದಿದ್ದರೆ ಉಳಿದದ್ದನ್ನು ಅನುಮಾನದಿಂದ ಓದಿ. ಬಳಿಕ ಆ ಮೊತ್ತ ಖರ್ಚೋ ಮಿಗತೆಯೋ ಎಂದು ಹುಡುಕಿ. ಸಮಯಕ್ಕೆ ಎಷ್ಟು ಬೆಲೆ ಹಿಡಿದರು, ಬದಲಿ ಜಾಗಗಳನ್ನು ಗಣಿಸಿದರೇ, ಅಂದಾಜಿನ ಜೊತೆ ಕೆಳಮಿತಿ ಮೇಲ್ಮಿತಿಗಳನ್ನು ಕೊಟ್ಟಿದ್ದಾರೆಯೇ ಎಂಬುದನ್ನು ನೋಡಿ. ಮಿತಿಗಳಿಲ್ಲದ ಒಂಟಿ ಅಂಕಿಯನ್ನು ಸಾರ್ವಜನಿಕ ವಿಚಾರಣೆಯಲ್ಲಿ ಯಾರಾದರೂ ಮುಂದಿಟ್ಟರೆ, ಕಾಡಿನ ಪರವಾಗಿರಲಿ ವಿರುದ್ಧವಾಗಿರಲಿ, ಎದ್ದು ನಿಂತು ಲೆಕ್ಕದ ಹಾಳೆಯನ್ನೂ ಮೂಲ ಎಣಿಕೆಯನ್ನೂ ಕೇಳಿ. ಸಾರ್ವಜನಿಕ ಹಣದಿಂದ ಸಂಗ್ರಹಿಸಿದ ಮಾಹಿತಿ ಎಲ್ಲರಿಗೂ ಸಿಗಬೇಕು, ಮುಂದಿನ ಸಮೀಕ್ಷೆ ಮಾಡುವವರು ಅದರ ಮೇಲೆಯೇ ಕಟ್ಟುವಂತಿರಬೇಕು.